ಡ್ಯಾಶ್‌ಬೋರ್ಡ್‌ನ ಸೇವ್ಡ್ ಆಬ್ಜೆಕ್ಟ್‌ಗಳನ್ನು ಎಐ ಏಜೆಂಟ್‌ಗೆ ತೆರೆದಿಡುವ ರೀಡ್-ಓನ್ಲಿ ಟೂಲ್: ಕಾಫಿ ಸೀಮೆಯ ಮಳೆ ಲೆಕ್ಕವನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಬೇಲೂರು, ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಈಗ ಕೆಲವು ತೋಟಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳೂ ಇವೆ. ಇಂಥ ಮಾಪಕಗಳ ಅಂಕಿಗಳನ್ನೆಲ್ಲ ಎಲಾಸ್ಟಿಕ್‌ಸರ್ಚ್ ಎಂಬ ದತ್ತಾಂಶ ಸಂಗ್ರಹದಲ್ಲಿ ಶೇಖರಿಸಿ, ಅವನ್ನು ಚಿತ್ರವಾಗಿ ತೋರಿಸುವ ಕಿಬಾನಾ ಎಂಬ ತಂತ್ರಾಂಶದಲ್ಲಿ ಡ್ಯಾಶ್‌ಬೋರ್ಡ್‌ಗಳನ್ನು (ಚಾರ್ಟ್‌ಗಳ ಫಲಕಗಳನ್ನು) ಕಟ್ಟಿಕೊಂಡಿರುವ ಒಂದು ಬೆಳೆಗಾರರ ಗುಂಪನ್ನು ಈ ಮಾರ್ಗದರ್ಶಿಗಾಗಿ ಕಲ್ಪಿಸಿಕೊಳ್ಳೋಣ. ಅವರ ಕಚೇರಿ ಹಾಸನದಲ್ಲಿದೆ. ಕಾಫಿಯ ಹೂ ಅರಳಿಸುವ ಮಳೆ ಹೂಮಳೆ, ಆ ಹೂ ಕಾಯಿಕಟ್ಟಲು ಅದರ ನಂತರ ಬೇಕಾದ ಮಳೆ ಬ್ಯಾಕಿಂಗ್ ಮಳೆ. ‘ಹೂಮಳೆ ಆದ ಮೇಲೆ ಬ್ಯಾಕಿಂಗ್ ಮಳೆ ಎಲ್ಲೆಲ್ಲಿ ಬಂದಿದೆ’ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಲು, ಟೂಲ್‌ಗಳನ್ನು ಬಳಸಿ ತಾನೇ ಉತ್ತರ ಹುಡುಕುವ ಒಂದು ಎಐ ಏಜೆಂಟನ್ನು ಇಟ್ಟುಕೊಳ್ಳಬೇಕೆಂಬುದು ಅವರ ಅಪೇಕ್ಷೆ. ಡ್ಯಾಶ್‌ಬೋರ್ಡ್‌ಗಳನ್ನು ಏಜೆಂಟ್ ನೋಡಬೇಕು, ಆದರೆ ಅವುಗಳಲ್ಲಿ ಒಂದಕ್ಷರವನ್ನೂ ಬದಲಿಸುವಂತಿರಬಾರದು. ಅದಕ್ಕೆ ಬೇಕಾದ ರೀಡ್-ಓನ್ಲಿ (ಓದಲು ಮಾತ್ರ ಬರುವ) ಟೂಲನ್ನು ಕಟ್ಟುವ ಕ್ರಮ ಇಲ್ಲಿದೆ.

ಮೊದಲು ತಿಳಿದಿರಬೇಕಾದದ್ದು

ಕಿಬಾನಾದಲ್ಲಿ ಡ್ಯಾಶ್‌ಬೋರ್ಡ್, ಚಾರ್ಟ್, ನಕ್ಷೆ, ಉಳಿಸಿಟ್ಟ ಹುಡುಕಾಟ, ಡೇಟಾ ವ್ಯೂ (ಯಾವ ದತ್ತಾಂಶವನ್ನು ನೋಡಬೇಕೆಂಬ ವಿವರ), ಟ್ಯಾಗ್ ಎಲ್ಲವೂ ಸೇವ್ಡ್ ಆಬ್ಜೆಕ್ಟ್‌ಗಳು, ಅಂದರೆ ಉಳಿಸಿಟ್ಟ ವಸ್ತುಗಳು. ಪ್ರತಿಯೊಂದಕ್ಕೂ ಒಂದು ವಿಧ, ಒಂದು ಗುರುತು (ಐಡಿ), ಶೀರ್ಷಿಕೆ ಮುಂತಾದ ಗುಣವಿವರಗಳು ಮತ್ತು ತಾನು ಅವಲಂಬಿಸಿರುವ ಇತರ ಆಬ್ಜೆಕ್ಟ್‌ಗಳ ಪಟ್ಟಿ ಇರುತ್ತವೆ. ಇವುಗಳಲ್ಲಿ ಎಲ್ಲಿಯೂ ಮಳೆಯ ಅಂಕಿ ಇರುವುದಿಲ್ಲ. ಡ್ಯಾಶ್‌ಬೋರ್ಡ್ ಎಂಬುದು ಅಡುಗೆಯ ವಿಧಾನ ಬರೆದಿಟ್ಟ ಚೀಟಿ. ಅಡುಗೆ ಬೇರೆ ಕಡೆ ಇದೆ. ಯಾವ ಇಂಡೆಕ್ಸ್‌ನಿಂದ (ದಾಖಲೆಗಳ ಸಂಗ್ರಹದಿಂದ), ಯಾವ ಫೀಲ್ಡನ್ನು (ದಾಖಲೆಯ ಅಂಕಣವನ್ನು), ಯಾವ ಶೋಧಕ (ಫಿಲ್ಟರ್) ಹಾಕಿ, ಯಾವ ಅವಧಿಗೆ ಕೂಡಿಸಬೇಕು ಎಂಬುದಷ್ಟೇ ಅದರಲ್ಲಿರುತ್ತದೆ.

ಇದನ್ನು ಏಜೆಂಟ್‌ಗೆ ಸ್ಪಷ್ಟವಾಗಿ ಹೇಳದಿದ್ದರೆ, ‘ಕೊಟ್ಟಿಗೆಹಾರದ ದಿನದ ಮಳೆ’ ಎಂಬ ಶೀರ್ಷಿಕೆಯನ್ನು ಕಂಡೊಡನೆ ಅದು ತಾನೇ ಒಂದು ಅಂಕಿಯನ್ನು ಊಹಿಸಿ ಹೇಳಿಬಿಡುವ ಅಪಾಯವಿದೆ. ಹಾಗಾದರೆ ಈ ಟೂಲಿನ ಪ್ರಯೋಜನವೇನು? ಗುಂಪಿನವರು ಒಪ್ಪಿಕೊಂಡಿರುವ ಲೆಕ್ಕದ ಪದ್ಧತಿ ಏಜೆಂಟ್‌ಗೆ ಸಿಗುವುದೇ ಇದರ ಪ್ರಯೋಜನ. ಅಂಕಿಗಳನ್ನು ತರುವ ಟೂಲ್ ಬೇರೆಯೇ ಇರಲಿ. ಅದನ್ನು ಹೇಗೆ ಪ್ರಶ್ನಿಸಬೇಕೆಂಬುದನ್ನು ಏಜೆಂಟ್ ಈ ಟೂಲಿನಿಂದ ಕಲಿಯಲಿ.

ಹಂತ 1: ನಿರ್ಬಂಧವನ್ನು ಕೀಯಲ್ಲಿಯೇ ಇಡಿ

‘ನೀನು ಏನನ್ನೂ ಬದಲಿಸಬಾರದು’ ಎಂದು ಏಜೆಂಟ್‌ಗೆ ಕೊಡುವ ಸೂಚನೆಯನ್ನು ರೀಡ್-ಓನ್ಲಿ ಎಂದು ಕರೆಯಲಾಗದು. ಬರೆಯುವ ಅಧಿಕಾರವೇ ಇಲ್ಲದ ಕೀ, ಅಂದರೆ ತಂತ್ರಾಂಶಕ್ಕೆ ಪ್ರವೇಶ ಕೊಡುವ ರಹಸ್ಯ ಸಂಕೇತ, ಬೇಕು. ಕಿಬಾನಾದಲ್ಲಿ ಹೊಸದೊಂದು ರೋಲ್ (ಅನುಮತಿಗಳ ಗುಚ್ಛ) ರಚಿಸಿ, ಒಂದೇ ಒಂದು ಸ್ಪೇಸ್‌ಗೆ (ಕಿಬಾನಾದೊಳಗಿನ ಪ್ರತ್ಯೇಕ ವಿಭಾಗಕ್ಕೆ) ಸೀಮಿತಗೊಳಿಸಿ, ಡ್ಯಾಶ್‌ಬೋರ್ಡ್, ವಿಷುವಲೈಸ್ ಲೈಬ್ರರಿ ಮತ್ತು ಸೇವ್ಡ್ ಆಬ್ಜೆಕ್ಟ್ ನಿರ್ವಹಣೆ ಇವುಗಳಿಗೆ ಓದುವ ಅನುಮತಿಯನ್ನು ಮಾತ್ರ ಕೊಡಿ. ಉಳಿದ ವೈಶಿಷ್ಟ್ಯಗಳಿಗೆ, ಅದರಲ್ಲೂ ಅಲರ್ಟ್ ಮತ್ತು ಹೊರಗಿನ ಸೇವೆಗಳಿಗೆ ಸಂದೇಶ ಕಳಿಸುವ ಕನೆಕ್ಟರ್‌ಗಳಿಗೆ, ಯಾವ ಅನುಮತಿಯೂ ಬೇಡ. ಎಲಾಸ್ಟಿಕ್‌ಸರ್ಚ್‌ನ ಇಂಡೆಕ್ಸ್‌ಗಳ ಮೇಲೂ ಈ ರೋಲ್‌ಗೆ ಹಕ್ಕಿರಬೇಕಾಗಿಲ್ಲ. ಕಿಬಾನಾ ತನ್ನ ಆಬ್ಜೆಕ್ಟ್‌ಗಳನ್ನು ಇಟ್ಟುಕೊಳ್ಳುವ ಆಂತರಿಕ ಇಂಡೆಕ್ಸನ್ನು ನೇರವಾಗಿ ಓದುವ ಅಡ್ಡದಾರಿಯನ್ನು ಕೆಲವರು ಹಿಡಿಯುತ್ತಾರೆ. ಹಾಗೆ ಮಾಡಿದರೆ ಸ್ಪೇಸ್‌ಗಳ ಬೇಲಿಯೇ ಇಲ್ಲವಾಗುತ್ತದೆ.

ಬಳಿಕ ಆ ರೋಲ್ ಮಾತ್ರ ಇರುವ ಒಬ್ಬ ಬಳಕೆದಾರನ ಹೆಸರಿನಲ್ಲಿ ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿ) ಕೀ ತೆಗೆಯಿರಿ. ಇಲ್ಲಿ ಒಂದು ಸೂಕ್ಷ್ಮವಿದೆ. ಎಲಾಸ್ಟಿಕ್‌ಸರ್ಚ್‌ನ ಎಪಿಐ ಕೀಗೆ ಪ್ರತ್ಯೇಕವಾಗಿ ಅಧಿಕಾರದ ವಿವರ ಕೊಡದಿದ್ದರೆ, ಕೀ ತೆಗೆದವರಿಗೆ ಆ ಕ್ಷಣದಲ್ಲಿ ಏನೇನು ಅಧಿಕಾರವಿದೆಯೋ ಅದೆಲ್ಲವೂ ಕೀಗೂ ಬರುತ್ತದೆ. ಅಡ್ಮಿನ್ ಖಾತೆಯಲ್ಲಿ ಕುಳಿತು ಅವಸರದಲ್ಲಿ ತೆಗೆದ ಕೀ ಹೆಸರಿಗೆ ‘ಓದುವ ಕೀ’ ಆಗಿದ್ದರೂ ಕೆಲಸದಲ್ಲಿ ಅಡ್ಮಿನ್ ಕೀಯೇ ಆಗಿರುತ್ತದೆ. ಅಧಿಕಾರದ ವಿವರವನ್ನು ಕೊಟ್ಟರೆ, ಕೊಟ್ಟದ್ದು ಮತ್ತು ಮಾಲೀಕನಿಗೆ ಇರುವುದು ಈ ಎರಡರಲ್ಲೂ ಇರುವಷ್ಟು ಮಾತ್ರ ಕೀಗೆ ದಕ್ಕುತ್ತದೆ. ಕೀಗೆ ಮುಕ್ತಾಯದ ಅವಧಿಯನ್ನೂ ಇಡಿ.

ಹಂತ 2: ಏಜೆಂಟನ್ನು ಕಿಬಾನಾದ ಬಾಗಿಲಿಗೆ ಬಿಡದೆ ಪ್ರತಿಯನ್ನು ಓದಿಸಿ

ಏಜೆಂಟ್ ಕೇಳಿದಾಗಲೆಲ್ಲ ಟೂಲ್ ಕಿಬಾನಾಗೆ ಹೋಗಿ ಆಬ್ಜೆಕ್ಟನ್ನು ತರುವುದು ಒಂದು ವಿಧಾನ. ನಿಗದಿತ ಸಮಯಕ್ಕೊಮ್ಮೆ ಒಂದು ಸಣ್ಣ ಕಾರ್ಯಕ್ರಮ ಎಲ್ಲ ಡ್ಯಾಶ್‌ಬೋರ್ಡ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡಿ ಪಕ್ಕದ ಕಡತದಲ್ಲಿಟ್ಟು, ಟೂಲ್ ಆ ಪ್ರತಿಯನ್ನಷ್ಟೇ ಓದುವುದು ಇನ್ನೊಂದು. ಹಾಸನದ ನಮ್ಮ ಕಲ್ಪಿತ ಗುಂಪಿನಂಥ ಸಣ್ಣ ವ್ಯವಸ್ಥೆಗೆ ನಾನು ಎರಡನೆಯದನ್ನೇ ಶಿಫಾರಸು ಮಾಡುತ್ತೇನೆ. ಏಕೆಂದರೆ ಆಗ ಏಜೆಂಟ್ ಮುಟ್ಟಬಹುದಾದ ಟೂಲಿನ ಬಳಿ ಕೀಯೇ ಇರುವುದಿಲ್ಲ. ಯಾರಾದರೂ ಏಜೆಂಟನ್ನು ದಾರಿ ತಪ್ಪಿಸಿದರೂ ಅದರ ಕೈಗೆ ಸಿಗುವುದು ಒಂದು ಪ್ರತಿಯಷ್ಟೇ. ಪ್ರತಿ ಸ್ವಲ್ಪ ಹಳತಾಗಿರುವುದು ಇದರ ಕೊರತೆ. ಆದರೆ ಡ್ಯಾಶ್‌ಬೋರ್ಡ್‌ನ ವಿನ್ಯಾಸ ದಿನಕ್ಕೆ ಹತ್ತು ಸಲ ಬದಲಾಗುವಂಥದ್ದಲ್ಲ. ಬಳಕೆದಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಅನುಮತಿ ಇರುವ ದೊಡ್ಡ ಸಂಸ್ಥೆಗಳಲ್ಲಿ ಮಾತ್ರ ಈ ಮಾರ್ಗ ಹೊಂದುವುದಿಲ್ಲ. ಅಲ್ಲಿ ಕೇಳಿದವರ ಹಕ್ಕಿನಲ್ಲಿಯೇ ನೇರವಾಗಿ ತರಬೇಕಾಗುತ್ತದೆ.

ಎಕ್ಸ್‌ಪೋರ್ಟ್ ಮಾರ್ಗಕ್ಕೆ ಇನ್ನೂ ಒಂದು ಅನುಕೂಲವಿದೆ. ಕಿಬಾನಾ 8.7ರಿಂದ ಸೇವ್ಡ್ ಆಬ್ಜೆಕ್ಟ್‌ಗಳನ್ನು ಒಂದೊಂದಾಗಿ ಹುಡುಕುವ, ತರುವ, ತಿದ್ದುವ ಸಾಮಾನ್ಯ ಎಪಿಐಗಳನ್ನು ಮುಂದೆ ಕೈಬಿಡುವ ಪಟ್ಟಿಗೆ ಸೇರಿಸಲಾಗಿದೆ. ಎಕ್ಸ್‌ಪೋರ್ಟ್ ಮತ್ತು ಇಂಪೋರ್ಟ್ ಆ ಪಟ್ಟಿಯಿಂದ ಹೊರಗಿವೆ. 2021ರಲ್ಲಿ ಕಿಬಾನಾ 7.10ರಿಂದ ಕವಲೊಡೆದ ಓಪನ್‌ಸರ್ಚ್ ಡ್ಯಾಶ್‌ಬೋರ್ಡ್ಸ್‌ನಲ್ಲಿಯೂ ಎಕ್ಸ್‌ಪೋರ್ಟ್ ಹೆಚ್ಚುಕಡಿಮೆ ಇದೇ ರೂಪದಲ್ಲಿದೆ.

ಎಕ್ಸ್‌ಪೋರ್ಟ್ ವಿನಂತಿಯಲ್ಲಿ ವಿಧವನ್ನು ‘ಡ್ಯಾಶ್‌ಬೋರ್ಡ್’ ಎಂದು ಕೊಟ್ಟು, ಅವಲಂಬಿತ ಆಬ್ಜೆಕ್ಟ್‌ಗಳನ್ನೂ ಆಳದವರೆಗೆ ಸೇರಿಸುವ ಆಯ್ಕೆಯನ್ನು ಆನ್ ಮಾಡಿ. ಒಂದು ಸಾಲಿಗೆ ಒಂದು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಜೋಡಿಸುವ ಒಂದು ರೂಪ) ಎಂಬಂತೆ ಉತ್ತರ ಬರುತ್ತದೆ, ಕೊನೆಯ ಸಾಲಿನಲ್ಲಿ ಎಷ್ಟು ಆಬ್ಜೆಕ್ಟ್‌ಗಳು ಬಂದವು, ಯಾವ ಅವಲಂಬನೆಗಳು ಸಿಗಲಿಲ್ಲ ಎಂಬ ಲೆಕ್ಕವಿರುತ್ತದೆ. ಆ ಕೊನೆಯ ಸಾಲನ್ನು ಎಸೆಯಬೇಡಿ. ಯಾರೋ ಒಂದು ಡೇಟಾ ವ್ಯೂ ಅಳಿಸಿಹಾಕಿದ್ದರೆ ಅದು ಗೊತ್ತಾಗುವುದು ಅಲ್ಲಿಯೇ.

ಜಾಲದ ವಿನಂತಿಗಳಲ್ಲಿ ಗೆಟ್ ಸಾಮಾನ್ಯವಾಗಿ ಓದುವುದಕ್ಕೆ, ಪೋಸ್ಟ್ ಮಾಹಿತಿ ಕಳಿಸುವುದಕ್ಕೆ. ಎಕ್ಸ್‌ಪೋರ್ಟ್ ಓದುವ ಕೆಲಸವಾದರೂ ಅದು ಪೋಸ್ಟ್ ವಿನಂತಿ. ಆದ್ದರಿಂದ ‘ಗೆಟ್ ವಿನಂತಿಗಳಿಗೆ ಮಾತ್ರ ಅವಕಾಶ’ ಎಂದು ನಡುವೆ ನಿಂತು ವಿನಂತಿಗಳನ್ನು ದಾಟಿಸುವ ಪ್ರಾಕ್ಸಿಯಲ್ಲಿ ನಿಯಮ ಹಾಕಿದರೆ ಎಕ್ಸ್‌ಪೋರ್ಟೇ ನಿಂತುಹೋಗುತ್ತದೆ. ಪೋಸ್ಟ್‌ಗೆ ಸಾರಾಸಗಟಾಗಿ ಅವಕಾಶ ಕೊಟ್ಟರೆ ಇಂಪೋರ್ಟ್‌ಗೂ ಬಾಗಿಲು ತೆರೆದಂತಾಗುತ್ತದೆ, ಏಕೆಂದರೆ ಅದೂ ಪೋಸ್ಟೇ. ವಿಧಾನ ಮತ್ತು ವಿಳಾಸ ಎರಡನ್ನೂ ಜೋಡಿಯಾಗಿ ನಮೂದಿಸಿ, ಆ ಒಂದು ಜೋಡಿಗೆ ಮಾತ್ರ ದಾರಿ ಬಿಡಿ. ಕಿಬಾನಾ ಪೋಸ್ಟ್ ವಿನಂತಿಗಳಲ್ಲಿ ಎಕ್ಸ್‌ಎಸ್‌ಆರ್‌ಎಫ್ ಹೆಡರನ್ನು (ನಕಲಿ ವಿನಂತಿ ತಡೆಯುವ ತಲೆಸಾಲನ್ನು) ನಿರೀಕ್ಷಿಸುತ್ತದೆ ಎಂಬುದನ್ನೂ ಮರೆಯಬಾರದು. ಅದಿಲ್ಲದಿದ್ದರೆ 400 ದೋಷ ಬರುತ್ತದೆ. ಒಂದು ಸಲಕ್ಕೆ ಎಕ್ಸ್‌ಪೋರ್ಟ್ ಆಗುವ ಆಬ್ಜೆಕ್ಟ್‌ಗಳ ಪೂರ್ವನಿಗದಿತ ಮಿತಿ 10,000, ತೋಟದ ಲೆಕ್ಕಕ್ಕೆ ಅದು ಧಾರಾಳ.

ಹಂತ 3: ಪ್ಯಾನೆಲ್‌ಗಳನ್ನು ಬಿಚ್ಚುವುದು

ಈ ಹಂತದಲ್ಲಿ ಹೆಚ್ಚು ತಾಳ್ಮೆ ಬೇಕು. ಡ್ಯಾಶ್‌ಬೋರ್ಡ್‌ನ ಜೇಸನ್ ಒಳಗೆ ಪ್ಯಾನೆಲ್‌ಗಳ (ಒಂದೊಂದು ಚಾರ್ಟ್ ಕೂರುವ ಚೌಕಗಳ) ವಿವರ ನೇರವಾಗಿ ಇರುವುದಿಲ್ಲ. ಜೇಸನ್ ಪಠ್ಯವೊಂದನ್ನು ಮತ್ತೆ ಸ್ಟ್ರಿಂಗ್ (ಬರಿಯ ಅಕ್ಷರಸಾಲು) ಮಾಡಿ ಒಳಗಿಟ್ಟಿರುತ್ತಾರೆ. ಹೊರಗಿನದನ್ನು ಓದಿದ ಮೇಲೆ ಒಳಗಿನದನ್ನು ಇನ್ನೊಮ್ಮೆ ಪಾರ್ಸ್ ಮಾಡಬೇಕು, ಅಂದರೆ ಬಿಡಿಸಿ ಓದಬೇಕು. ಶೋಧಕಗಳಿರುವ ಭಾಗವೂ ಹೀಗೆಯೇ. ಇದನ್ನು ಹಾಗೆಯೇ ಏಜೆಂಟ್‌ಗೆ ಕೊಟ್ಟರೆ ಉದ್ಧರಣ ಚಿಹ್ನೆ ಮತ್ತು ಬ್ಯಾಕ್‌ಸ್ಲ್ಯಾಷ್‌ಗಳ ಗೊಂಡಾರಣ್ಯಕ್ಕೇ ಅದರ ಟೋಕನ್‌ಗಳು (ಅದು ಓದುವ ಪಠ್ಯದ ಅಳತೆಯ ತುಣುಕುಗಳು) ಖರ್ಚಾಗುತ್ತವೆ.

ಪ್ಯಾನೆಲ್‌ಗಳಲ್ಲಿ ಎರಡು ಬಗೆ. ಲೈಬ್ರರಿಯಲ್ಲಿ ಉಳಿಸಿದ ಚಾರ್ಟನ್ನು ಡ್ಯಾಶ್‌ಬೋರ್ಡ್‌ಗೆ ಸೇರಿಸಿದ್ದರೆ, ಪ್ಯಾನೆಲ್‌ನಲ್ಲಿ ಒಂದು ಅವಲಂಬನೆಯ ಹೆಸರು ಮಾತ್ರ ಇರುತ್ತದೆ. ಆ ಹೆಸರನ್ನು ಅವಲಂಬನೆಗಳ ಪಟ್ಟಿಯಲ್ಲಿ ಹುಡುಕಿ, ಅಲ್ಲಿ ಸಿಗುವ ವಿಧ ಮತ್ತು ಗುರುತನ್ನು ಹಿಡಿದು ಮೂಲ ಚಾರ್ಟ್‌ಗೆ ಹೋಗಬೇಕು. ಡ್ಯಾಶ್‌ಬೋರ್ಡ್‌ನಲ್ಲಿಯೇ ಕುಳಿತು ಚಾರ್ಟ್ ಬರೆದು, ಲೈಬ್ರರಿಗೆ ಸೇರಿಸದೆ ಉಳಿಸಿದ್ದರೆ, ಚಾರ್ಟ್‌ನ ಇಡೀ ವಿವರ ಪ್ಯಾನೆಲ್‌ನ ಒಳಗೇ ಹುದುಗಿರುತ್ತದೆ. ಅವಲಂಬನೆಗಳನ್ನು ಮಾತ್ರ ಹಿಂಬಾಲಿಸುವ ಟೂಲ್‌ಗೆ ಈ ಎರಡನೆಯ ಬಗೆಯ ಚಾರ್ಟ್‌ಗಳು ಕಾಣಿಸುವುದೇ ಇಲ್ಲ. ಹನ್ನೆರಡು ಪ್ಯಾನೆಲ್ ಇರುವ ಕಡೆ ಏಜೆಂಟ್ ನಾಲ್ಕನ್ನೇ ಹೆಸರಿಸುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಬಿಚ್ಚಿದ ಮೇಲೆ ಬೇಡದ್ದನ್ನು ಕತ್ತರಿಸಿ. 48 ಅಂಕಣಗಳ ಜಾಲರಿಯಲ್ಲಿ ಪ್ಯಾನೆಲ್ ಎಲ್ಲಿ ಕುಳಿತಿದೆ, ಬಣ್ಣ ಯಾವುದು, ಅಂಚು ಇದೆಯೋ ಇಲ್ಲವೋ ಎಂಬುದು ಏಜೆಂಟ್‌ಗೆ ಅನಗತ್ಯ. ಶೀರ್ಷಿಕೆ, ವಿವರಣೆ, ಚಾರ್ಟ್‌ನ ಬಗೆ, ಡೇಟಾ ವ್ಯೂ, ಫೀಲ್ಡ್‌ಗಳು, ಕೂಡಿಸುವ ಕ್ರಮ, ಶೋಧಕಗಳು, ಕೊನೆಯದಾಗಿ ತಿದ್ದಿದ ಸಮಯ ಇವಿಷ್ಟು ಉಳಿಯಲಿ. ಡ್ಯಾಶ್‌ಬೋರ್ಡ್‌ನ ಜೊತೆಗೆ ಅವಧಿಯನ್ನೂ ಉಳಿಸಿದ್ದಾರೆಯೇ ಎಂಬುದನ್ನು ಖಂಡಿತವಾಗಿ ಇಟ್ಟುಕೊಳ್ಳಿ. ಉಳಿಸಿದ್ದರೆ ಆ ಅವಧಿ ಲೆಕ್ಕದ ಭಾಗವೇ. ಉಳಿಸದಿದ್ದರೆ ತೆರೆದವರ ಪರದೆಯಲ್ಲಿ ಆಗ ಯಾವ ಅವಧಿ ಇತ್ತೋ ಅದಕ್ಕೆ ತಕ್ಕಂತೆ ಅಂಕಿ ಬದಲಾಗುತ್ತದೆ.

ಡೇಟಾ ವ್ಯೂ ಆಬ್ಜೆಕ್ಟನ್ನು ನಿರ್ಲಕ್ಷಿಸಬೇಡಿ. ಅಂಕಿಯನ್ನು ಹೇಗೆ ತೋರಿಸಬೇಕೆಂಬ ಫಾರ್ಮ್ಯಾಟ್ ಮತ್ತು ಓದುವ ಹೊತ್ತಿಗೆ ಲೆಕ್ಕ ಹಾಕಿ ಹುಟ್ಟುವ ರನ್‌ಟೈಮ್ ಫೀಲ್ಡ್‌ಗಳು ಅಲ್ಲಿ ಇರುತ್ತವೆ.

ಹಂತ 4: ಏಜೆಂಟ್‌ಗೆ ಕಾಣುವ ಮುಖ

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಅಂದರೆ ಎಂಸಿಪಿ, ಇಂಥ ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸಲು ಈಗ ವ್ಯಾಪಕವಾಗಿ ಬಳಕೆಯಲ್ಲಿದೆ. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಒಳಬರುವ ಮಾಹಿತಿಯ ಸ್ಕೀಮಾ (ರೂಪದ ನಿಯಮ) ಕೊಡಬೇಕು. ನಮ್ಮ ಕೆಲಸಕ್ಕೆ ಮೂರು ಟೂಲ್‌ಗಳು ಸಾಕು: ಶೀರ್ಷಿಕೆಯಿಂದ ಹುಡುಕುವುದು, ಗುರುತು ಕೊಟ್ಟರೆ ಒಂದು ಆಬ್ಜೆಕ್ಟ್‌ನ ಸಂಕ್ಷಿಪ್ತ ವಿವರ ಕೊಡುವುದು, ಮತ್ತು ಒಂದು ಆಬ್ಜೆಕ್ಟ್ ಯಾವುದನ್ನು ಅವಲಂಬಿಸಿದೆ, ಅದನ್ನು ಯಾವುದು ಅವಲಂಬಿಸಿದೆ ಎಂದು ಹೇಳುವುದು. ಮೂರನೆಯದು ಒಂದೇ ಸುತ್ತಿನಲ್ಲಿ ಸಿಲುಕದಂತೆ, ಈಗಾಗಲೇ ಭೇಟಿಯಾದ ಆಬ್ಜೆಕ್ಟ್‌ಗಳ ಗುರುತುಗಳನ್ನು ಬರೆದಿಟ್ಟುಕೊಂಡು, ಆಳಕ್ಕೂ ಒಂದು ಮಿತಿ ಇಡಿ.

ವಿಧವನ್ನು ಮುಕ್ತ ಪಠ್ಯವಾಗಿ ತೆಗೆದುಕೊಳ್ಳಬೇಡಿ. ಅನುಮತಿಸಿದ ವಿಧಗಳ ಪಟ್ಟಿಯಿಂದಲೇ ಆರಿಸುವಂತಿರಲಿ. ವಿಳಾಸ, ಸ್ಪೇಸ್, ಕಡತದ ದಾರಿ ಇವು ಯಾವುವೂ ಏಜೆಂಟ್ ತುಂಬುವ ಜಾಗಗಳಾಗಬಾರದು. ಎಂಸಿಪಿಯಲ್ಲಿ ಟೂಲ್ ರೀಡ್-ಓನ್ಲಿ ಎಂದು ಘೋಷಿಸುವ ಒಂದು ಗುರುತಿದೆ, ಅದನ್ನು ಹಾಕಿ. ಏಜೆಂಟ್ ಪ್ರತಿ ಸಲ ಒಪ್ಪಿಗೆ ಕೇಳುವುದನ್ನು ತಪ್ಪಿಸಲು ಕೆಲವು ಕ್ಲೈಂಟ್‌ಗಳಿಗೆ (ಏಜೆಂಟನ್ನು ಓಡಿಸುವ ತಂತ್ರಾಂಶಗಳಿಗೆ) ಅದು ನೆರವಾಗುತ್ತದೆ. ಆದರೆ ಅದು ಸುಳಿವು ಮಾತ್ರ. ಅದು ಯಾವುದನ್ನೂ ತಡೆಯುವುದಿಲ್ಲ. ತಡೆಯುವುದು ಮೊದಲ ಎರಡು ಹಂತಗಳ ಕೆಲಸ.

ವಿವರಣೆಯನ್ನು ಅಕ್ಕರೆಯಿಂದ ಬರೆಯಿರಿ, ಏಕೆಂದರೆ ಏಜೆಂಟ್ ಓದುವುದು ಅದನ್ನೇ. ಹೀಗೆ ಬರೆಯಬಹುದು: ‘ಉಳಿಸಿಟ್ಟ ಡ್ಯಾಶ್‌ಬೋರ್ಡ್‌ನ ರಚನೆಯನ್ನು ಕೊಡುತ್ತದೆ. ಇದರಲ್ಲಿ ಮಳೆಯ ಅಂಕಿಗಳಿಲ್ಲ. ಅಂಕಿಗಳನ್ನು ಹೇಗೆ ಎಣಿಸಬೇಕೆಂಬ ವಿವರವಿದೆ. ಈ ಪ್ರತಿಯನ್ನು ತೆಗೆದ ಸಮಯವನ್ನು ಉತ್ತರದ ಮೊದಲ ಸಾಲಿನಲ್ಲಿ ಕೊಡಲಾಗಿದೆ.’

ದೋಷದ ಸಂದೇಶಗಳೂ ಏಜೆಂಟ್ ಓದುವ ಪಠ್ಯವೇ. ‘ಈ ಹೆಸರಿನದ್ದು ಸಿಗಲಿಲ್ಲ, ಹತ್ತಿರದ ಶೀರ್ಷಿಕೆಗಳು ಇವು’ ಎಂದರೆ ಅದು ಮುಂದುವರಿಯುತ್ತದೆ. ಖಾಲಿ ಪಟ್ಟಿ ಮಾತ್ರ ಕೊಟ್ಟರೆ ‘ಅಂಥ ಡ್ಯಾಶ್‌ಬೋರ್ಡ್ ಇಲ್ಲವೇ ಇಲ್ಲ’ ಎಂದು ಕೇಳಿದವರಿಗೆ ಹೇಳಿಬಿಡುತ್ತದೆ.

ಹಂತ 5: ಕನ್ನಡ ಶೀರ್ಷಿಕೆಗಳ ಹುಡುಕಾಟ

ನಮ್ಮ ಪ್ರತಿಯನ್ನು ನಾವೇ ಹುಡುಕುವುದರಿಂದ ಇಲ್ಲಿ ಕನ್ನಡಕ್ಕೆ ಸರಿಯಾದ ಏರ್ಪಾಡು ಮಾಡಿಕೊಳ್ಳಬಹುದು. ಕೊಟ್ಟಿಗೆಹಾರ ಎಂಬ ಹೆಸರಿನ ಮೊದಲ ಅಕ್ಷರದಲ್ಲಿರುವ ಒಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ. ಹೋಲಿಕೆಯಲ್ಲಿ ಬೇರೆ ಬೇರೆ. ಆದ್ದರಿಂದ ಶೀರ್ಷಿಕೆ ಮತ್ತು ಹುಡುಕುವ ಪದ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪಕ್ಕೆ, ತನ್ನಿ. ‘ಡ್ಯಾಶ್‌ಬೋರ್ಡ್’ನಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಗುರುತೊಂದು ಇರುತ್ತದೆ, ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ಹೋಲಿಕೆಗೆ ಮೊದಲು ನೀವೇ ತೆಗೆಯಬೇಕು. ತೋರಿಸುವಾಗ ಮಾತ್ರ ಮೂಲ ಶೀರ್ಷಿಕೆಯನ್ನು ಹಾಗೆಯೇ ತೋರಿಸಿ.

ಇನ್ನು ವಿಭಕ್ತಿ. ಸಕಲೇಶಪುರ ಎಂದು ಹುಡುಕಿದರೆ ‘ಸಕಲೇಶಪುರದ ಮಳೆ’ ಸಿಗಬೇಕಾದರೆ ಪದದ ಆರಂಭ ಹೊಂದಿದರೆ ಸಾಕೆಂಬ ನಿಯಮವಿರಬೇಕು. ಬೇಲೂರು ಎಂಬಲ್ಲಿ ಅಷ್ಟೂ ಸಾಲದು, ಏಕೆಂದರೆ ಶೀರ್ಷಿಕೆಯಲ್ಲಿ ‘ಬೇಲೂರಿನ’ ಎಂದಿರುತ್ತದೆ. ಹುಡುಕುವ ಪದದ ಕೊನೆಯಲ್ಲಿ ಉಕಾರದ ಗುರುತಿದ್ದರೆ ಅದೊಂದನ್ನು ಕಳಚಿ ಹೋಲಿಸಿ. ‘ಬೇಲೂರ’ ಎಂಬ ಆರಂಭ ಎರಡಕ್ಕೂ ಹೊಂದುತ್ತದೆ. ಮೂಡಿಗೆರೆ, ಕೊಪ್ಪ, ಆಲೂರು, ಗೊರೂರು, ಬಾಳೆಹೊನ್ನೂರು ಇಂಥ ಹತ್ತಾರು ಊರುಗಳ ಹೆಸರಿನಲ್ಲಿ ಪರೀಕ್ಷಿಸಿದರೆ ಈ ಸರಳ ನಿಯಮ ಎಲ್ಲಿ ಸಾಕು, ಎಲ್ಲಿ ಸಾಲದು ಎಂಬುದು ತಿಳಿಯುತ್ತದೆ.

ಹಂತ 6: ‘ದಿನ’ ಮತ್ತು ‘ಇಂಚು’

ಡ್ಯಾಶ್‌ಬೋರ್ಡ್‌ನ ರಚನೆಯನ್ನು ಓದದೆ ಅಂಕಿ ಹೇಳುವ ಏಜೆಂಟ್ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ದಿನದ ಮಳೆಗಿಂತ ಒಳ್ಳೆಯ ಉದಾಹರಣೆ ಸಿಗದು. ಭಾರತೀಯ ಹವಾಮಾನ ಇಲಾಖೆ ಒಂದು ದಿನದ ಮಳೆ ಎಂದು ದಾಖಲಿಸುವುದು ಆ ದಿನ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು. ತೋಟಗಳಲ್ಲಿಯೂ ಮಾಪಕ ನೋಡುವುದು ಬೆಳಗ್ಗೆಯೇ. ಕಿಬಾನಾದ ಸಮಯವಲಯ ಪೂರ್ವನಿಗದಿಯಂತೆ ನೋಡುವವರ ಬ್ರೌಸರ್‌ನದು. ಹಾಗಾಗಿ ಹಾಸನದಲ್ಲಿ ಕುಳಿತು ನೋಡಿದರೆ ದಿನ ಮಧ್ಯರಾತ್ರಿಗೆ ಶುರುವಾಗುತ್ತದೆ. ಏಜೆಂಟ್‌ಗೆ ಬ್ರೌಸರ್ ಇಲ್ಲ. ಅದು ಸಮಯವಲಯ ನಮೂದಿಸದೆ ಪ್ರಶ್ನಿಸಿದರೆ ಎಲಾಸ್ಟಿಕ್‌ಸರ್ಚ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ದಿನವನ್ನು ಕತ್ತರಿಸುತ್ತದೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ. ರಾತ್ರಿಯಿಡೀ ಸುರಿದ ಒಂದೇ ಮಳೆ ಮೂರು ಲೆಕ್ಕಗಳಲ್ಲಿ ಮೂರು ರೀತಿ ಹಂಚಿಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಬೆಳಗಿನ 8.30 ಎಂದರೆ ಯುಟಿಸಿಯಲ್ಲಿ 3 ಗಂಟೆ. ಯುಟಿಸಿ ದಿನವನ್ನು ಇಟ್ಟುಕೊಂಡು ಮೂರು ಗಂಟೆಗಳ ಆಫ್‌ಸೆಟ್ ಕೊಟ್ಟರೆ, ಅಂದರೆ ದಿನದ ಆರಂಭವನ್ನು ಅಷ್ಟು ಮುಂದೆ ಸರಿಸಿದರೆ, ಮಳೆಯ ದಿನ ಸರಿಯಾಗಿ ಬೀಳುತ್ತದೆ. ಹಾಗೆ ಬಂದ 24 ಗಂಟೆಗಳ ಲೆಕ್ಕಕ್ಕೆ ಅದು ಶುರುವಾದ ದಿನಾಂಕದ ಬದಲು ಮುಗಿದ ದಿನಾಂಕವನ್ನು ಹಾಕಬೇಕು. ಈ ಮಾತನ್ನು ಡ್ಯಾಶ್‌ಬೋರ್ಡ್‌ನ ವಿವರಣೆಯ ಜಾಗದಲ್ಲಿಯೇ ಬರೆದಿಟ್ಟು ಉಳಿಸಿ. ಬಹುತೇಕರು ಖಾಲಿ ಬಿಡುವ ಆ ಜಾಗ ಏಜೆಂಟ್‌ಗೆ ತುಂಬ ಉಪಕಾರಿ.

ಅಳತೆಯೂ ಹಾಗೆಯೇ. ಮಾಪಕ ಮಿಲಿಮೀಟರ್‌ನಲ್ಲಿ ಕಳಿಸುತ್ತದೆ, ಬೆಳೆಗಾರರು ಕೇಳುವುದು ಇಂಚು ಮತ್ತು ಸೆಂಟ್‌ನಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರ್, ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್. ‘ಒಂದು ಇಂಚು ಇಪ್ಪತ್ತು ಸೆಂಟ್ ಬಿತ್ತು’ ಎಂದರೆ ಸುಮಾರು 30.5 ಮಿಲಿಮೀಟರ್. ಇಂಚಿನ ರನ್‌ಟೈಮ್ ಫೀಲ್ಡ್ ಡೇಟಾ ವ್ಯೂನಲ್ಲಿ ಇದ್ದರೆ ಅದರ ಹೆಸರು ಮತ್ತು ಸೂತ್ರವನ್ನು ವಿವರ ಕೊಡುವ ಟೂಲ್ ತಪ್ಪದೆ ತೋರಿಸಬೇಕು. ಇಲ್ಲವಾದರೆ ಮಿಲಿಮೀಟರ್ ಅಂಕಿಗೆ ಇಂಚು ಎಂದು ಹೆಸರಿಟ್ಟು ಕೊಡುವ ಅಥವಾ ಇಂಚನ್ನು ಮತ್ತೊಮ್ಮೆ 25.4ರಿಂದ ಭಾಗಿಸುವ ಸಂಭವವಿದೆ.

ಹಂತ 7: ಒಳಗಿನ ಪಠ್ಯ ಆದೇಶವಾಗದಿರಲಿ

ಡ್ಯಾಶ್‌ಬೋರ್ಡ್‌ಗಳಲ್ಲಿ ಟಿಪ್ಪಣಿಯ ಪ್ಯಾನೆಲ್‌ಗಳಿರುತ್ತವೆ. ‘ಜೂನ್ ಅಂಕಿ ತಪ್ಪಿದೆ, ಅಳಿಸಿ ಹೊಸದಾಗಿ ತುಂಬಿ’ ಎಂದು ಕಚೇರಿಯವರೊಬ್ಬರು ಇನ್ನೊಬ್ಬರಿಗೆ ಬರೆದದ್ದನ್ನು ಏಜೆಂಟ್ ತನಗೇ ಹೇಳಿದ್ದೆಂದು ತಿಳಿಯಬಹುದು. ಕೆಟ್ಟ ಉದ್ದೇಶದಿಂದ ಬರೆದದ್ದಾದರಂತೂ ಹೇಳಬೇಕಾಗಿಲ್ಲ. ಈ ಟೂಲ್ ಏನನ್ನೂ ಬದಲಿಸಲಾರದು ನಿಜ, ಆದರೆ ಅದೇ ಏಜೆಂಟ್‌ನ ಬಳಿ ಮೇಲ್ ಕಳಿಸುವ ಅಥವಾ ಕಡತ ಅಳಿಸುವ ಬೇರೆ ಟೂಲ್ ಇದ್ದರೆ ಅಪಾಯ ಅಲ್ಲಿಂದ ಬರುತ್ತದೆ. ಟಿಪ್ಪಣಿಯ ಪಠ್ಯವನ್ನು ಬೇರೆಯೇ ಫೀಲ್ಡ್‌ನಲ್ಲಿ, ‘ಬಳಕೆದಾರರು ಬರೆದ ಪಠ್ಯ, ಸೂಚನೆಯಲ್ಲ’ ಎಂಬ ಹಣೆಪಟ್ಟಿಯೊಂದಿಗೆ, ಉದ್ದಕ್ಕೊಂದು ಮಿತಿ ಹಾಕಿ ಕೊಡಿ. ಇದರಿಂದ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆದ್ದರಿಂದ ಬರೆಯುವ ಟೂಲ್‌ಗಳನ್ನು ಇದೇ ಏಜೆಂಟ್‌ಗೆ ಕೊಡದಿರುವುದೇ ಲೇಸು. ಟಿಪ್ಪಣಿಗಳಲ್ಲಿ ತೋಟದ ಮಾಲೀಕರ ಫೋನ್ ನಂಬರ್, ಕಾರ್ಮಿಕರ ಹೆಸರು ಇದ್ದರೆ ಪ್ರತಿ ತೆಗೆಯುವಾಗಲೇ ಅವನ್ನು ಮರೆಮಾಡಿ.

ಹಂತ 8: ಪರೀಕ್ಷೆ ಮತ್ತು ನಿರ್ವಹಣೆ

ಓದಲು ಬರುತ್ತದೆಯೇ ಎಂಬುದಕ್ಕಿಂತ ಮೊದಲು ಬರೆಯಲು ಬರುವುದಿಲ್ಲವೇ ಎಂದು ನೋಡಿ. ಅದೇ ಕೀಯಿಂದ, ಅದಕ್ಕೆ ಓದುವ ಅನುಮತಿ ಇರುವ ಸ್ಪೇಸ್‌ನಲ್ಲಿಯೇ, ಪ್ರಯೋಗದ ಒಂದು ಡ್ಯಾಶ್‌ಬೋರ್ಡ್ ಸೃಷ್ಟಿಸಲು, ಇಂಪೋರ್ಟ್ ಮಾಡಲು, ಅಳಿಸಲು ಪ್ರಯತ್ನಿಸಿ. ಮೂರೂ ವಿಫಲವಾಗಬೇಕು, ವಿಫಲವಾದದ್ದು ಅನುಮತಿಯ ಕಾರಣಕ್ಕೇ ಎಂಬುದನ್ನು 403 ಉತ್ತರದಿಂದ ಖಚಿತಪಡಿಸಿಕೊಳ್ಳಬೇಕು. 400 ಬಂದರೆ ಹೆಡರ್ ಬಿಟ್ಟುಹೋಗಿರಬಹುದು, ಅದರಿಂದ ಏನೂ ಸಾಬೀತಾಗದು. ಪಕ್ಕದ ಸ್ಪೇಸ್‌ನ ಡ್ಯಾಶ್‌ಬೋರ್ಡ್ ಓದಲು ಯತ್ನಿಸಿದಾಗಲೂ ಬರಿಗೈಯಲ್ಲಿ ಮರಳಬೇಕು.

ಬಳಿಕ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಏಜೆಂಟ್‌ಗೆ ಕೇಳಿ: ಈ ಡ್ಯಾಶ್‌ಬೋರ್ಡ್‌ನಲ್ಲಿ ಎಷ್ಟು ಪ್ಯಾನೆಲ್‌ಗಳಿವೆ, ದಿನವನ್ನು ಯಾವ ಗಂಟೆಗೆ ಕತ್ತರಿಸಲಾಗಿದೆ, ಗೊರೂರಿನ ಹೇಮಾವತಿ ಜಲಾಶಯದ ಮಟ್ಟದ ಚಾರ್ಟ್ ಯಾವ ಡೇಟಾ ವ್ಯೂ ಬಳಸುತ್ತದೆ. ಕೊನೆಗೆ ‘ನಿನ್ನೆ ಎಷ್ಟು ಮಳೆ ಬಿತ್ತು’ ಎಂದು ಕೇಳಿ. ಅಂಕಿ ತರುವ ಟೂಲ್ ಜೋಡಿಸಿರದಿದ್ದಾಗ ‘ನನ್ನ ಬಳಿ ಲೆಕ್ಕದ ವಿಧಾನವಿದೆ, ಅಂಕಿ ಇಲ್ಲ’ ಎಂಬರ್ಥದ ಉತ್ತರ ಬಂದರೆ ನಾಲ್ಕನೆಯ ಹಂತದ ವಿವರಣೆ ಸರಿಯಾಗಿದೆ ಎಂದರ್ಥ.

ಕಿಬಾನಾದ ಬದಲು ಗ್ರಫಾನಾ ಎಂಬ ಡ್ಯಾಶ್‌ಬೋರ್ಡ್ ತಂತ್ರಾಂಶ ಬಳಸುವವರಿಗೆ ಕೆಲಸ ಇನ್ನೂ ಹಗುರ. ವ್ಯೂವರ್ (ನೋಡುವವರ) ರೋಲ್‌ನ ಸರ್ವೀಸ್ ಅಕೌಂಟ್ ಮಾಡಿ ಟೋಕನ್ (ಇಲ್ಲಿ ಕೀಯಂಥ ರಹಸ್ಯ ಸಂಕೇತ) ತೆಗೆದರೆ, ಹುಡುಕುವುದೂ ತರುವುದೂ ಗೆಟ್ ವಿನಂತಿಗಳಲ್ಲಿಯೇ ಮುಗಿಯುತ್ತವೆ. ಅಲ್ಲಿ ಪ್ಯಾನೆಲ್‌ಗಳು ಸ್ಟ್ರಿಂಗ್ ಆಗಿ ಮಡಚಿಕೊಂಡಿರುವುದಿಲ್ಲ, ಆದರೆ ಡ್ಯಾಶ್‌ಬೋರ್ಡ್‌ನ ವೇರಿಯಬಲ್‌ಗಳನ್ನು ಬಿಟ್ಟರೆ ಪ್ರಶ್ನೆಗಳು ಅರ್ಥವಾಗುವುದಿಲ್ಲವಾದ್ದರಿಂದ ಅವನ್ನೂ ವಿವರದಲ್ಲಿ ಸೇರಿಸಬೇಕು.

ಕೀಯ ಅವಧಿ ಮುಗಿಯುವ ದಿನವನ್ನು ಕಚೇರಿಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಎಕ್ಸ್‌ಪೋರ್ಟ್ ವಿಫಲವಾದರೆ ಹಳೆಯ ಪ್ರತಿಯೇ ಉಳಿಯುವಂತೆಯೂ ಅದರ ವಯಸ್ಸು ಉತ್ತರದಲ್ಲಿ ಕಾಣುವಂತೆಯೂ ಮಾಡಿ. ಕಿಬಾನಾದ ಆವೃತ್ತಿ ಬದಲಿಸುವ ಮುನ್ನ ಮೂರನೆಯ ಹಂತದ ಬಿಚ್ಚುವ ಭಾಗವನ್ನು ಹೊಸ ಆವೃತ್ತಿಯ ಎಕ್ಸ್‌ಪೋರ್ಟ್ ಮೇಲೆ ಓಡಿಸಿ, ಪ್ಯಾನೆಲ್‌ಗಳ ಎಣಿಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದು ಮುಖ್ಯವಾಗಿ ಆ ಭಾಗವೇ.